ಒಲೆಯ ಮೇಲಿಲ್ಲದ ಹಾಲು

ಉಕ್ಕಿ ಸೀದ ಹಾಲಿನ ವಾಸನೆ ಮನೆಯಿಂದ ಬೇಗ ಹೋಗುವುದಿಲ್ಲ. ಇವತ್ತು ಬೆಳಿಗ್ಗೆ ಅದು ನನ್ನಿಂದಲೇ ಆದದ್ದು. ಒಲೆಯ ಮೇಲೆ ಹಾಲಿಟ್ಟು, ಮಗಳು ಸ್ನಾನಕ್ಕೆ ಹೋದ ಹೊತ್ತು ನೋಡಿ, ಅವಳ ಫೋನನ್ನು ಕೈಗೆತ್ತಿಕೊಂಡೆ. ಅವಳ ಹುಟ್ಟಿದ ದಿನ ಒತ್ತಿದೆ, ತೆರೆಯಲಿಲ್ಲ. ನನ್ನ ಹುಟ್ಟಿದ ದಿನ ಒತ್ತಿದೆ. ಅಷ್ಟು ಪ್ರೀತಿಯನ್ನು ನಿರೀಕ್ಷಿಸಬಾರದಿತ್ತು. ಮೂರನೆಯದೇನಿರಬಹುದು ಎಂದು ಯೋಚಿಸುತ್ತಿರುವಾಗ ಅಡುಗೆಮನೆಯಲ್ಲಿ ಚುರ್ ಎಂದಿತು.

ಅಮ್ಮ ಇದ್ದಿದ್ದರೆ ಹಾಲು ಉಕ್ಕುತ್ತಿರಲಿಲ್ಲ. ಅವಳು ಹೋಗಿ ಎರಡು ತಿಂಗಳಾಯಿತು.

ನಿಮ್ಮ ಮನೆಗೆ ಮೊದಲ ಫೋನು ಬಂದದ್ದು ನಿಮಗೆ ನೆನಪಿರಬೇಕು. ತಮಿಳುನಾಡಿನ ಸೇಲಂನಲ್ಲಿ, ಕನ್ನಡ ಮನೆಮಾತಿನ ನಮ್ಮ ಬಾಡಿಗೆ ಮನೆಗೆ ಅದು ಬಂದಾಗ ನಾನು ಹನ್ನೊಂದನೇ ತರಗತಿಯಲ್ಲಿದ್ದೆ. ಕರಿಯ ಫೋನು, ಬೆರಳಿಟ್ಟು ತಿರುಗಿಸುವ ಚಕ್ರ, ಚಕ್ರಕ್ಕೊಂದು ಪುಟ್ಟ ಬೀಗ. ಬೀಗದ ಕೈ ಅಪ್ಪನ ಉಡಿದಾರದಲ್ಲಿ. ಹೊರಗೆ ಹೋಗುವ ಮಾತಿಗೆ ಬೀಗ ಹಾಕಬಹುದು, ಒಳಗೆ ಬರುವ ಮಾತಿಗೆ ಆಗುವುದಿಲ್ಲ ಎಂಬುದು ಅಪ್ಪನಿಗೆ ಹೊಳೆಯಲು ಸ್ವಲ್ಪ ದಿನ ಹಿಡಿಯಿತು. ಹೊಳೆದ ದಿನ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದರು: “ಯಾವನಾರ ಗಂಡುಡುಗ ಫೋನ್ ಮಾಡಿದ್ದು ಗೊತ್ತಾತೋ, ಸ್ಕೂಲು ಅವತ್ತಿಗೇ ಮುಗೀತು. ಕಂಬೈನಲ್ಲೂರು ಮಾವ ಕೇಳ್ತಾನೇ ಅವ್ನೆ, ಕೊಟ್ಟುಬುಡ್ತೀನಿ.”

ಅಪ್ಪ ಸುಮ್ಮನೆ ಹೆದರಿಸುವವರಲ್ಲ. ನನ್ನ ಅಕ್ಕನ ಓದು ಹತ್ತನೇ ತರಗತಿಗೆ ನಿಂತಿತ್ತು.

ಆದರೂ ಟ್ಯೂಷನ್ನಿನಲ್ಲಿ ಜೊತೆಗೆ ಓದುತ್ತಿದ್ದ ಹುಡುಗ ಸೆಲ್ವಂ ಫೋನು ಮಾಡುತ್ತಿದ್ದ. ತಮಿಳಿನಲ್ಲಿ ಹುಡುಗನನ್ನು ‘ಡಾ’ ಅನ್ನುತ್ತಾರೆ, ಹುಡುಗಿಯನ್ನು ‘ಡೀ’. ನಾನು ಅದನ್ನೇ ಹಿಡಿದುಕೊಂಡೆ. ರಿಸೀವರ್ ಎತ್ತಿ, ಮನೆಗೆಲ್ಲ ಕೇಳುವಂತೆ, “ಸೊಲ್ಲುಡೀ ಸೆಲ್ವೀ!”, ಅಂದರೆ ಹೇಳೇ ಸೆಲ್ವಿ, ಎನ್ನುತ್ತಿದ್ದೆ. ಸೆಲ್ವಂ ಹುಡುಗಿಯಾದರೆ ಸೆಲ್ವಿ. ಆ ಕಡೆ ಪಾಪ ಅವನು ಪ್ರತಿಸಲ ಕೆಮ್ಮುತ್ತಿದ್ದ. ನಾವು ಮಾತಾಡಿದ್ದು ಹೆಚ್ಚಾಗಿ ರಸಾಯನಶಾಸ್ತ್ರವೇ. ಹೆಚ್ಚಾಗಿ ಎಂದೆ, ಪೂರ್ತಿ ಎನ್ನಲಿಲ್ಲ.

ಅಮ್ಮ ಅಲ್ಲೇ ಈಳಿಗೆಮಣೆಯ ಮುಂದೆ ಕೂತು ಹುರುಳಿಕಾಯಿ ಹೆಚ್ಚುತ್ತಿರುತ್ತಿದ್ದಳು. ಕೊಳತ್ತೂರಿನ ಬೇಸಾಯದ ಮನೆಯವಳು, ಮೂರನೇ ತರಗತಿ ಓದಿದವಳು. ಅವಳಿಗೇನು ತಿಳಿದೀತು ಎಂದು ಓದಿದ ನಾನು ಅಂದುಕೊಂಡಿದ್ದೆ. ಆ ರಿಸೀವರಿನ ದನಿ ಅರ್ಧ ಕೋಣೆಗೆ ಕೇಳುತ್ತದೆ ಎಂಬುದು ನನ್ನ ತಲೆಗೆ ಬಂದಿರಲಿಲ್ಲ.

ಒಂದು ಸಂಜೆ ಸೆಲ್ವಿಯ ಜೊತೆ ನಗುತ್ತಿದ್ದೆ. ಬೀದಿ ಕಾಣುವ ಅಡುಗೆಮನೆಯ ಕಿಟಕಿಯ ಬಳಿಯಿಂದ ಅಮ್ಮ ಕೂಗಿದಳು: “ಆಲು ಉಕ್ತೈತೆ ಬಾಮ್ಮಿ!”

ಫೋನಿಟ್ಟು ಓಡಿದೆ. ಒಲೆ ಹಚ್ಚಿರಲಿಲ್ಲ. ಹಾಲಿನ ಪಾತ್ರೆ ತೊಳೆದು ಬೋರಲು ಹಾಕಿತ್ತು. ಅಷ್ಟರಲ್ಲಿ ಹೊರಗೆ ಗೇಟು ಕಿರುಗುಟ್ಟಿತು.

“ಯಾರಮ್ಮಿ ಫೋನ್ನಾಗೆ? ಬೀದಿಗೆ ಕೇಳ್ತಿತ್ತು ನಗು,” ಎನ್ನುತ್ತ ಅಪ್ಪ ಬಂದರು.

ಅಮ್ಮ ಹುರುಳಿಕಾಯಿಯಿಂದ ತಲೆಯೆತ್ತದೆ, “ಇವಳ ಕ್ಲಾಸುಡುಗಿ, ಸೆಲ್ವಿ ಅಂತ. ನೋಟ್ಸ್ ಕೇಳ್ತು,” ಎಂದಳು.

ಅಪ್ಪ ಕೈಕಾಲು ತೊಳೆಯಲು ಹಿತ್ತಲಿಗೆ ಹೋದ ಮೇಲೆ ನನ್ನ ಕಡೆ ತಿರುಗಿದಳು. “ಅಲ್ಲಾ ಕಣೇ, ಆ ಡೀಗೆ ಮೀಸೆ ಬಂದೈತಾ ಇನ್ನೂ ಇಲ್ವಾ?”

ನಾನು ಅತ್ತೆ. ಅವಳು ಸೆರಗಿನಿಂದ ನನ್ನ ಮುಖ ಒರೆಸಿ, ನನ್ನ ಕೈಗೊಂದು ಹಿಡಿ ಹುರುಳಿಕಾಯಿ ಕೊಟ್ಟಳು. “ನಾರು ತೆಗಿ. ಓದು ಮುಗಿಯೋಗಂಟ ಅದು ಸೆಲ್ವಿಯಾಗೇ ಇರ್ಲಿ.”

ಅಲ್ಲಿಂದ ಎರಡು ವರ್ಷ ನಮ್ಮ ಮನೆಯಲ್ಲಿ ಒಲೆಯ ಮೇಲಿಲ್ಲದ ಹಾಲು ಉಕ್ಕಿತು. ನನ್ನ ಓದು ನಿಲ್ಲಲಿಲ್ಲ. ಸೆಲ್ವಂ ಯಾವುದೋ ಊರಿನ ಕಾಲೇಜಿಗೆ ಹೋದ. ಫೋನು ತಾನಾಗಿಯೇ ನಿಂತಿತು. ಈಗ ಅವನ ಮುಖ ಸರಿಯಾಗಿ ನೆನಪಿಲ್ಲ. ನನಗಾಗಿ ಸುಳ್ಳು ಹೇಳುವಾಗ ತರಕಾರಿಯ ಮೇಲೆಯೇ ಕಣ್ಣಿಟ್ಟಿದ್ದ ಅಮ್ಮನ ಮುಖ ಮಾತ್ರ ಹಾಗೇ ಇದೆ.

ಒಲೆ ಒರೆಸುತ್ತಿರುವಾಗ ಮಗಳು ತಲೆಗೆ ಟವೆಲ್ ಸುತ್ತಿಕೊಂಡು ಬಂದಳು. ಅವಳ ಫೋನು ಇನ್ನೂ ನನ್ನ ಎಡಗೈಯಲ್ಲಿತ್ತು. ಮನೆಯಲ್ಲೂ ತಮಿಳೇ ಆಡುವವಳು ಫೋನು ನೋಡಿದಳು, ಒಲೆ ನೋಡಿದಳು. ಆಮೇಲೆ ಕನ್ನಡದಲ್ಲಿ, ಅಮ್ಮನದೇ ರಾಗದಲ್ಲಿ ಹೇಳಿದಳು:

“ಅಜ್ಜಿ ಇದ್ದಿದ್ರೆ ಮುಂಚೇನೇ ಹೇಳಿರೋರು. ಆಲು ಉಕ್ತೈತೆ ಅಂತ.”

“ಏನಂದೆ?”

“ನೀನು ಆಫೀಸಿಂದ ಬರೋವಾಗೆಲ್ಲ ಹೇಳೋರು. ನಾನು ಫೋನ್ ಇಟ್ಟುಬುಡ್ತಿದ್ದೆ.”

ಅಮ್ಮ ಕೊನೆಯ ಒಂದು ವರ್ಷ ನಮ್ಮ ಜೊತೆಗಿದ್ದಳು. ನಮ್ಮದು ಮಹಡಿಯ ಮನೆ. ಸಂಜೆ ಮೆಟ್ಟಿಲು ಹತ್ತುವಾಗ ನಾನೂ ಆ ಕೂಗನ್ನು ಕೇಳಿದ್ದೆ. ಒಲೆ ನೋಡಿದರೆ ಆರಿರುತ್ತಿತ್ತು. ಅಮ್ಮನಿಗೆ ಮರೆವು ಶುರುವಾಗಿದೆ ಎಂದು ಡಾಕ್ಟರ ಹತ್ತಿರ ಹೇಳಿದ್ದೆ, ಅವರು ಮಾತ್ರೆಯನ್ನೂ ಬರೆದಿದ್ದರು. ಅಮ್ಮ ಒಂದು ಮಾತಾಡದೆ ಅದನ್ನು ನುಂಗುತ್ತಿದ್ದಳು. ಮರೆತವಳು ನಾನು. ಅಂದು ಅಪ್ಪನದಾಗಿದ್ದ ಗೇಟಿನ ಸದ್ದು ಈಗ ನಾನೇ ಆಗಿದ್ದೆ.

ಫೋನನ್ನು ಮಗಳ ಕೈಗೆ ಕೊಟ್ಟೆ. ಏನೂ ಕೇಳಲಿಲ್ಲ.

ಈಗಷ್ಟೇ ಕೆಲಸ ಮುಗಿಸಿ ಬಂದೆ. ಅರ್ಧ ಮೆಟ್ಟಿಲಲ್ಲಿ ನಿಂತೆ. ಮೇಲೆ ಮಗಳು ಯಾರೊಂದಿಗೋ ನಗುತ್ತಿದ್ದಳು. ನಾನು ಬರುತ್ತಿದ್ದೇನೆಂದು ಹೇಳಲು ಅವಳಿಗೆ ಈಗ ಯಾರೂ ಇಲ್ಲ. ಚಪ್ಪಲಿಯನ್ನು ಜೋರಾಗಿ ಬಡಿದು, ನಾನೇ ಕೂಗಿದೆ:

“ಆಲು ಉಕ್ತೈತೆ ಕಣಮ್ಮಿ!”