ಓನರು ಬರಲಿ

೨೦೦೧ರಲ್ಲಿ, ಒಂಬತ್ತನೇ ಕ್ಲಾಸಿನ ಅರ್ಧಕ್ಕೇ ನಾನು ಸ್ಕೂಲು ಬಿಟ್ಟೆ. ಅಪ್ಪ ಲಾರಿ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡಿದ್ದರು. ತಂಗಿ ಆಗ ಐದನೇ ಕ್ಲಾಸು. ಅವಳು ಓದಲಿ, ನಾನು ದುಡೀತೀನಿ ಅಂತ ನಾನೇ ಹೇಳಿದೆ, ಯಾರೂ ಬಲವಂತ ಮಾಡಲಿಲ್ಲ. ಶ್ರೀರಂಗಪಟ್ಟಣದಲ್ಲಿ ಒಬ್ಬ ಭಾಯಿ ಹತ್ತಿರ ವೈರಿಂಗ್ ಕಲಿತು, ಆಮೇಲೆ ಪಾಂಡವಪುರದಲ್ಲಿ ಸ್ವಂತ ಅಂಗಡಿ ಹಾಕಿದೆ. ಕಾರಿಗೆ ಸ್ಟೀರಿಯೋ, ಟಚ್ ಸ್ಕ್ರೀನು, ರಿವರ್ಸ್ ಕ್ಯಾಮೆರಾ. ನಾಗಮಂಗಲ, ಬೆಳ್ಳೂರು ಕ್ರಾಸಿನಿಂದಲೂ ನನ್ನನ್ನೇ ಹುಡುಕಿಕೊಂಡು ಬರುತ್ತಾರೆ.

ತಂಗಿ ಓದಿ ಕೆ.ಆರ್.ಪೇಟೆಯಲ್ಲಿ ಟೀಚರ್ ಆದಳು. ಅಪ್ಪ ತೀರಿಕೊಂಡ ಮೇಲೆ, ಅಲ್ಲೇ ಒಬ್ಬನನ್ನು ಮದುವೆಯಾಗುವುದಾಗಿ ತಿಳಿಸಿದಳು. ನನ್ನನ್ನು ಕೇಳಲಿಲ್ಲ, ತಿಳಿಸಿದಳು. ಮದುವೆಗೆ ಹೋಗಲಿಲ್ಲ, ಮಾತೂ ಬಿಟ್ಟೆ. ಎಂಟು ವರ್ಷ. ಅಮ್ಮ ಹೋಗಿ ಬಂದು ಅವಳ ಸುದ್ದಿ ತೆಗೆದರೆ ಊಟದ ತಟ್ಟೆ ಬಿಟ್ಟು ಎದ್ದುಬಿಡುತ್ತಿದ್ದೆ.

ಯಾವ ಗಾಡಿಯಾಗಲಿ, ಒಂದು ವೈರು ಮುಟ್ಟುವ ಮುಂಚೆ ಪೂರ್ತಿ ನೋಡುತ್ತೇನೆ. ಎಲ್ಲೆಲ್ಲಿ ಗೀರು ಬಿದ್ದಿದೆ, ಲೈಟು, ಹಾರನ್ನು, ಕಿಟಕಿ, ಬ್ಯಾಟರಿ ಎಷ್ಟು ವೋಲ್ಟು. ತಂದವರ ಕೈಯಲ್ಲೇ ಸ್ವಿಚ್ಚು ಒತ್ತಿಸುತ್ತೇನೆ. ಇಲ್ಲದಿದ್ದರೆ ಮೊದಲೇ ಕೆಟ್ಟಿದ್ದನ್ನೂ ‘ನೀನೇ ಕೆಡ್ಸಿದ್ದು’ ಅಂತಾರೆ.

ಹೋದ ವರ್ಷ ಒಬ್ಬರು ಬಿಳಿ ಕಾರು ತಂದರು. ರಿವರ್ಸ್ ಕ್ಯಾಮೆರಾ ಬೇಕಂತೆ. ಒಳಗೆ ಕೂರಲು ಹೋದರೆ ಮಂಡಿ ಸ್ಟೀರಿಂಗಿಗೆ ಹೊಡೆಯಿತು. ಸೀಟನ್ನು ಪೂರ್ತಿ ಮುಂದಕ್ಕೆ ಎಳೆದು ಮೇಲೊಂದು ದಿಂಬು ಇಟ್ಟಿದ್ದರು.

“ನಮ್ಮೆಂಗಸ್ರ ಗಾಡಿ ಕಣಣ್ಣ. ಸೀಟ್ ಅಲ್ಲಾಡ್ಸುದ್ರೆ ಬಯ್ತಾಳೆ, ಮುದುರ್ಕಂಡೇ ಓಡುಸ್ಕಂಡ್ ಬಂದೆ. ಓಡ್ಸೋದು ಅವ್ಳು, ತೊಳ್ಯೋದು ನಾನು,” ಅಂತ ನಕ್ಕರು.

ಗಾಡಿ ವಿವರ ಬರೆದುಕೊಳ್ಳಲು ಆರ್‌ಸಿ ಕಾರ್ಡು ಇಸಕೊಂಡೆ. ನನ್ನ ತಂಗಿಯ ಹೆಸರು. ಕೆಳಗೆ ಗಂಡನ ಹೆಸರಿರಲಿಲ್ಲ, ನಮ್ಮಪ್ಪನ ಹೆಸರಿತ್ತು. ಕಾರ್ಡು ಅವರ ಕೈಗೇ ವಾಪಸ್ಸು ಕೊಟ್ಟೆ.

“ಓನರು ಬರ್ಲಿ. ಅವ್ರೇ ಕೂತ್ಕಂಡು ಸ್ವಿಚ್ ಒತ್ತಿ ತೋರ್ಸುದ್ರೇನೆ ನಾನು ಕೈ ಹಾಕೋದು,” ಅಂದುಬಿಟ್ಟೆ.

ಪಕ್ಕದ ಪಂಚರ್ ಅಂಗಡಿ ಭಾಯಿ ಟೈರು ಬಿಚ್ಚುತ್ತಲೇ ಕೂಗಿದ. “ಯಾವಾಗಿಂದ್ಲಾ ಈ ಕಾನೂನು? ನೆನ್ನೆ ಛತ್ರದವ್ರ ಗಾಡೀನ ಡ್ರೈವರ್ ತಂದಾಗ ಓನರ್ ಎಲ್ಲವ್ರೆ ಅಂತ ಕೇಳ್ದ್ಯಾ?”

“ನಿನ್ ಕೆಲ್ಸ ನೋಡ್ಲಾ,” ಅಂದೆ.

ಆತ ಫೋನ್ ಹಚ್ಚಿದರು. “ನೀನೇ ಬರ್ಬೇಕಂತೆ ಕಣೇ... ಹೂಂ, ನೀನು ಹೇಳಿದ್ ಅಂಗ್ಡೀಲೇ ಇವ್ನಿ.”

ಆಗ ತಿಳೀತು, ಗಾಡಿ ತಾನಾಗಿ ಬಂದಿದ್ದಲ್ಲ, ಅವಳು ಕಳಿಸಿದ್ದು.

ಸ್ಕೂಲು ಮುಗಿಸಿಕೊಂಡು ಬಸ್ಸಿನಲ್ಲಿ ಬಂದಳು. ಕಿವಿಯ ಹತ್ತಿರ ನಾಲ್ಕು ಬಿಳಿ ಕೂದಲು. ನೇರವಾಗಿ ಹೋಗಿ ಡ್ರೈವರ್ ಸೀಟಿನಲ್ಲಿ ಕೂತಳು. ನಾನು ಮುಂದೆ ನಿಂತೆ.

“ಹೆಡ್‌ಲೈಟು,” ಅಂದೆ. ಹತ್ತಿತು. “ಎಡಗಡೆ ಇಂಡಿಕೇಟರು.” ಮಿನುಗಿತು. ಹಾರನ್ನು, ವೈಪರು, ನಾಲ್ಕೂ ಕಿಟಕಿ. ಮುಗಿದ ಮೇಲೆ ಮತ್ತೆ ಹೆಡ್‌ಲೈಟಿಂದ ಶುರು ಮಾಡಿದೆ.

“ಇನ್ನೂ ಎಷ್ಟ್ ಸಲ ಒತ್ತುಸ್ತೀಯಣ್ಣ? ಗಾಡಿ ನೋಡ್ತಿದೀಯೋ, ನನ್ನ ನೋಡ್ತಿದೀಯೋ?”

ಆಕೆಯ ಗಂಡ ಟೀ ತರುತ್ತೇನೆಂದು ಆಚೆ ಹೋದರು. ಒಳ್ಳೆಯ ಮನುಷ್ಯ. ನಾನು ಬಗ್ಗಿ, ಹಿಂದಿನ ಬಂಪರು ಬಿಚ್ಚಲು ಕೂತೆ. ಅದು ಹತ್ತು ನಿಮಿಷದ ಕೆಲಸ, ಅರ್ಧ ಗಂಟೆ ಮಾಡಿದೆ. ಅವಳು ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತಿದ್ದಳು. ಹಿಂದೆಲ್ಲ ನಾನು ಮನೆಯಲ್ಲಿ ರೇಡಿಯೋ ಬಿಚ್ಚಿದರೆ ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದು ಹೀಗೇ ಕೂರುತ್ತಿದ್ದಳು.

ಹೊರಡುವಾಗ ಕಿಟಕಿ ಇಳಿಸಿದಳು. “ನಿನ್ ಅಳಿಯಂಗೆ ಐದು ವರ್ಷ ತುಂಬ್ತು. ಮಾಮ ಎಲ್ಲವ್ನೆ ಅಂತ ಕೇಳ್ತಾನೆ. ಏನ್ ಹೇಳ್ಲಿ?”

ಕರ್ಕೊಂಡು ಬಾ ಅನ್ನಬೇಕೆಂದಿದ್ದೆ.

“ಬ್ಯಾಟ್ರಿ ವೀಕ್ ಐತೆ, ಬದ್ಲಾಯ್ಸು,” ಅಂದೆ.

ಅವಳು ಕಿಟಕಿ ಏರಿಸಿದಳು. ಗಾಡಿ ಕೆ.ಆರ್.ಪೇಟೆ ರಸ್ತೆ ಹಿಡಿಯಿತು.

ಈಗ ನನಗಿರುವುದು ಎರಡು ಶಟರಿನ ಒಂದು ಅಂಗಡಿ, ಅಮ್ಮ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಕೆ.ಆರ್.ಪೇಟೆಯಲ್ಲಿ ಒಬ್ಬಳು ತಂಗಿ. ಇನ್ನೂ ನೋಡದ ಒಬ್ಬ ಅಳಿಯ.