ಎಲ್ಕ್‌ಗೆ ಗುದ್ದಿದ ಕಾರು

ಕೊಳ್ಳುವ ವಸ್ತುವಿನಲ್ಲಿ ಹುಳುಕು ಹುಡುಕುವುದು ನನಗೆ ಹುಟ್ಟಿನಿಂದ ಬಂದ ವಿದ್ಯೆ. ಬೆಂಡೆಕಾಯಿಯ ತುದಿ ಮುರಿದು ನೋಡದೆ ಬೆಲೆ ಕೇಳಿದವನೇ ಅಲ್ಲ ನಾನು. ಅಂಥ ವಿದ್ಯೆ ಸ್ವೀಡನ್ನಿನಲ್ಲಿ, ಒಂದು ಹಳೆಯ ಕಾರಿನ ಮುಂದೆ, ಕೈಕೊಟ್ಟಿತು.

ಕಾರು ಬೇಕಾಗಿದ್ದದ್ದು ನನ್ನ ಹೆಂಡತಿ ಶೈಲಾಗೆ. ಎರಡು ವರ್ಷ ಅರ್ಜಿ ಹಾಕಿ ಹಾಕಿ ಸುಸ್ತಾದ ಮೇಲೆ, ನಾವಿರುವ ಉಮೆಯೊ ಪಟ್ಟಣದಿಂದ ಅರ್ಧ ಗಂಟೆ ದೂರದ ಹಳ್ಳಿಯ ಶಾಲೆಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಸೋಮವಾರವೇ ಹಾಜರಾಗಬೇಕು. ಮೊದಲ ಬಸ್ಸು ಅಲ್ಲಿಗೆ ಮುಟ್ಟುವ ಹೊತ್ತಿಗೆ ಮಕ್ಕಳು ಊಟಕ್ಕೆ ಕೂತಿರುತ್ತಾರೆ. ಕಾರಿಲ್ಲದಿದ್ದರೆ ಕೆಲಸವೂ ಇಲ್ಲ.

ಶನಿವಾರ ನೋಡಲು ಹೋದೆವು. ಮಾರುವವರು ಲೆನಾರ್ಟ್ ಎಂಬ ನಿವೃತ್ತ ಬಡಗಿ. ಬೆಂಗಳೂರಿನಲ್ಲಿ ನಾನು ನೋಡಿದ ಹಳೆಯ ಕಾರುಗಳೆಲ್ಲ ಯಾರೋ ಡಾಕ್ಟರು ಆಸ್ಪತ್ರೆಗೆ ಹೋಗಿಬರಲು ಮಾತ್ರ ಬಳಸಿದಂಥವು. ಇವರೋ, ನಮ್ಮ ಕೈಗೆ ಕಾಫಿ ಕೊಟ್ಟು, ಪಾಠ ಒಪ್ಪಿಸುವವರಂತೆ ಶುರುಮಾಡಿದರು. ಕಾರು ಆರು ಜನರ ಕೈ ದಾಟಿದೆಯಂತೆ. ತಪಾಸಣೆಯಲ್ಲಿ ಎರಡು ಸಲ ನಪಾಸಂತೆ. ಎಲ್ಕ್ ಎಂಬ, ಕುದುರೆಗಿಂತ ಎತ್ತರದ ಜಿಂಕೆಗೆ ಗುದ್ದಿ ಬಾನೆಟ್ ಬದಲಾಗಿದೆಯಂತೆ. ಹಿಂದಿನ ಎಡಬಾಗಿಲು ಒಳಗಿನಿಂದ ತೆರೆಯುವುದಿಲ್ಲವಂತೆ. ಎಲ್ಲಕ್ಕೂ ಅಂಗಳದ ಮೇಜಿನ ಮೇಲೆ ಕಾಗದ ಹರಡಿದರು.

ನನಗೆ ದಿಗಿಲಾಯಿತು. ತಾವಾಗಿ ಇಷ್ಟು ಒಪ್ಪಿಕೊಳ್ಳುವವರು ಮುಚ್ಚಿಟ್ಟದ್ದು ಇನ್ನೆಷ್ಟಿರಬೇಕು! ಅದೂ ಅಲ್ಲದೆ, ಹುಳುಕನ್ನೆಲ್ಲ ಅವರೇ ಹೇಳಿ ಮುಗಿಸಿದರೆ ಚೌಕಾಶಿಗೆ ನನಗೆ ಉಳಿದದ್ದೇನು? ಗಂಭೀರವಾಗಿ ಟೈರಿಗೆ ಒದ್ದೆ. ಚಳಿಗಾಲಕ್ಕೆ ಮೊದಲು ಅದನ್ನೂ ಬದಲಿಸಬೇಕು ಎಂದರು.

“ಏನೋ ಇದೆ ಕಣೆ ಇದ್ರಲ್ಲಿ, ಬೇಡ” ಎಂದು ಶೈಲಾಳ ಕಿವಿಯಲ್ಲಿ ಪಿಸುಗುಟ್ಟಿದೆ.

“ಇರೋದೆಲ್ಲ ಹೇಳಿದ್ರಲ್ಲ ರೀ, ಇನ್ನೇನಿರತ್ತೆ? ಮಂಡೇ ನಾನ್ ಹೇಗ್ ಹೋಗ್ಲಿ, ಎಲ್ಕ್ ಮೇಲಾ?”

ಅಷ್ಟರಲ್ಲಿ ಲೆನಾರ್ಟ್, ಓಡಿಸುವವರು ಯಾರು ಎಂದು ಕೇಳಿದರು. ಇಬ್ಬರೂ ಎಂದೆ. ಬೆಂಗಳೂರಿನಲ್ಲಿ ಹದಿನೈದು ವರ್ಷ ಓಡಿಸಿದ್ದನ್ನೂ ಎದೆಯುಬ್ಬಿಸಿ ಸೇರಿಸಿದೆ. ಅವರು ಪೂರ್ತಿ ನಂಬಿ ತಲೆಯಾಡಿಸಿದರು. ಆ ನಂಬಿಕೆ ನೋಡಿ ನನಗೆ ನಿಜಕ್ಕೂ ನಾಚಿಕೆಯಾಯಿತು. ಒಬ್ಬರು ತಮ್ಮ ಕಾರಿನ ಚರಿತ್ರೆಯನ್ನೆಲ್ಲ ಮೇಜಿನ ಮೇಲೆ ಹರಡಿ ಕೂತಿರುವಾಗ ಎದುರಿಗಿರುವವನು ಎಷ್ಟು ಹೊತ್ತು ಎದೆಯುಬ್ಬಿಸಿಕೊಂಡಿರಬಲ್ಲ? ಇಲ್ಲಿನ ಲೈಸೆನ್ಸ್ ಪರೀಕ್ಷೆಯಲ್ಲಿ ಮೂರು ಸಲ ನಪಾಸಾಗಿದ್ದೇನೆ, ಲೈಸೆನ್ಸ್ ಇರುವುದು ಇವಳಿಗೆ ಮಾತ್ರ ಎಂದು ಒಪ್ಪಿಕೊಂಡೆ.

ಕಾರೇ ವಾಸಿ ಅನ್ನಲಿಲ್ಲ, ಪುಣ್ಯಾತ್ಮರು. ಕೀಯನ್ನು ಮಾತ್ರ, ನಾನು ಚಾಚಿದ ಕೈಯನ್ನು ದಾಟಿಸಿ ಶೈಲಾಗೆ ಕೊಟ್ಟರು. ಕೇಳಿದಷ್ಟನ್ನು ತೆತ್ತೆವು. ನಿಜ ಹೇಳುವವರ ಹತ್ತಿರ ಚೌಕಾಶಿ ಮಾಡುವುದು ಹೇಗೆಂದು ನನಗೆ ಯಾರೂ ಕಲಿಸಿಲ್ಲ.

ಸೋಮವಾರ ಬೆಳಿಗ್ಗೆ ಶೈಲಾ ಹೊಸ ಕೆಲಸಕ್ಕೆ ಹೊರಟಳು. ಬಸ್ ಸ್ಟಾಪಿನಲ್ಲಿ ನಿಂತಿದ್ದ ನನ್ನನ್ನು ನೋಡಿ ಎರಡು ಸಲ ಹಾರ್ನ್ ಹೊಡೆದಳು.