ಅಕ್ಕಾರು ಬಿಡಿಸಿದ ರೇಷ್ಮೆ

ಅಕ್ಕಾರ ಕುತ್ತಿಗೆ ಸದಾ ಬಲಕ್ಕೆ ವಾಲಿರುತ್ತಿತ್ತು. ನೋವಿನಿಂದಲ್ಲ. ಸ್ಟೀಲ್ ಬಟ್ಟಲಿರಲಿ, ಬದನೆಕಾಯಿ ಇರಲಿ, ಎದುರಿನವರ ಸೆರಗೇ ಇರಲಿ, ಓರೆಯಾಗಿ ನೋಡಿ ಅದರ ಮೇಲೆ ಬೆಳಕು ಹೇಗೆ ಜಾರುತ್ತದೆಂದು ಪರೀಕ್ಷಿಸುವುದು ಅವರ ಚಾಳಿ. ಸದಾಶಿವ ಪೇಠೆಯ ತರಕಾರಿಯವಳು ಒಮ್ಮೆ ರೇಗಿ ಬದನೆಕಾಯಿಯನ್ನು ಕಸಿದುಕೊಂಡಿದ್ದಳು.

ಪುಣೆಯ ಕಚೇರಿಯಲ್ಲಿ ಅವರು ನನ್ನ ಹಿರಿಯರು. ಸೊಲ್ಲಾಪುರದ ಕನ್ನಡದವರು, ಬಾಗಲಕೋಟೆಯಿಂದ ಬಂದ ನನಗೆ ಮೊದಲ ದಿನದಿಂದಲೇ ಅಕ್ಕಾರು. ಫೋನಿನ ಪರದೆಯ ಮೇಲೆ ಸೀರೆ ನಿಜವಾದ ಸೀರೆಯಂತೆ ಕಾಣುವ ಹಾಗೆ ಮಾಡುವುದು ನಮ್ಮ ಕೆಲಸ. ಕೊಳ್ಳುವವರು ಬೆರಳಿನಿಂದ ಹೇಗೆ ತಿರುಗಿಸಿದರೂ ಫೋನು ಆ ಕ್ಷಣದಲ್ಲೇ ಬೆಳಕಿನ ಲೆಕ್ಕ ಹಾಕಿ ಅದನ್ನು ಹೊಸದಾಗಿ ಬಿಡಿಸಬೇಕು. ಉದ್ದದೆಳೆಯ ಹಾಸು ಕೆಂಪು, ಅಡ್ಡದೆಳೆಯ ಹೊಕ್ಕು ಹಸಿರು ಇರುವ ರೇಷ್ಮೆಯಂತೂ ಓರೆ ಮಾಡಿದಂತೆಲ್ಲ ಬಣ್ಣ ಬದಲಿಸುತ್ತದೆ. ಎಳೆ ಎಳೆಗೂ ಲೆಕ್ಕ ಹಾಕಹೋದರೆ ಅಗ್ಗದ ಫೋನು ಕಾದ ಹಂಚಾಗುತ್ತದೆ. ಅಕ್ಕಾರು ಎಳೆಗಳನ್ನು ಬಿಟ್ಟು ಹಾಸಿನ ದಿಕ್ಕು, ಹೊಕ್ಕಿನ ದಿಕ್ಕು ಎರಡನ್ನೇ ಹಿಡಿದರು. ಉಳಿದದ್ದನ್ನು ಮೊದಲೇ ಲೆಕ್ಕ ಮಾಡಿಟ್ಟರು. ತಮ್ಮ ಹಳೆಯ ಫೋನಿನಲ್ಲಿ ಅದು ಎಡವದೆ ಓಡುವವರೆಗೂ ಬಿಡಲಿಲ್ಲ.

“ಲೆಕ್ಕ ಕಡಿಮಿ ಮಾಡೋದು ಜಾಣತನ, ತಂಗಿ. ನೋಡೋರ ಕಣ್ಣಿಗೆ ಮಣ್ಣ ಎರಚೋದು ಬ್ಯಾರೆ,” ಎನ್ನುತ್ತಿದ್ದರು.

ಆ ಎರಡನೆಯದರಲ್ಲಿ ನಮ್ಮ ಮ್ಯಾನೇಜರ್ ಪಳಗಿದ ಕೈ. ಅಕ್ಕಾರು ಬಿಡಿಸಿದ ಸೀರೆಗೆ ಹೊಳಪು ಸಾಲದು ಎಂಬುದು ಅವನ ತಕರಾರು. ಸೀರೆ ಅಂಗಡಿಗಳ ಯಜಮಾನಿಯೊಬ್ಬರು ಕೆಲಸ ನೋಡಲು ಬಂದ ದಿನ, ದೊಡ್ಡ ಕಂಪ್ಯೂಟರಿನಲ್ಲಿ ಗಂಟೆಗಟ್ಟಲೆ ಕಾದು ಮಾಡಿಸಿದ್ದ ವಿಡಿಯೋ ಹಾಕಿ, ಇದು ಈಗಲೇ ಫೋನಿನಲ್ಲಿ ಓಡುತ್ತಿದೆ ಎಂದ! ಬೇಡವೆಂದು ಅಕ್ಕಾರು ಬೆಳಿಗ್ಗೆಯೇ ಹೇಳಿದ್ದರು. “ಕುಣಾಲಾ ಕಳಣಾರ್?” ಎಂದು ನಕ್ಕಿದ್ದ. ಯಾರಿಗೆ ಗೊತ್ತಾಗುತ್ತದೆ ಅಂತೆ!

ಯಜಮಾನಿ, ಸೀರೆ ನಿಲ್ಲಿಸಿ, ಸೆರಗು ಓರೆ ಮಾಡಿ ತೋರಿಸಿ ಎಂದರು. ಸೀರೆ ತನ್ನ ಪಾಡಿಗೆ ತಾನು ಸುತ್ತುತ್ತಲೇ ಇತ್ತು. ನೆಟ್‌ವರ್ಕ್ ತೊಂದರೆ ಎಂದು ಅವನು ಬೆವರು ಒರೆಸಿಕೊಂಡ. ಅಕ್ಕಾರು ಎದ್ದು ಹೋಗಿ ತಮ್ಮ ಫೋನನ್ನು ಯಜಮಾನಿಯ ಕೈಗಿಟ್ಟರು. ಅದು ಬರೀ ವಿಡಿಯೋ, ಕೆಲಸ ಇದರಲ್ಲಿದೆ ಎಂದು ಮರಾಠಿಯಲ್ಲಿ ನೆಟ್ಟಗೆ ಹೇಳಿಬಿಟ್ಟರು. ಯಜಮಾನಿ ಬೆರಳಾಡಿಸಿದರು. ಕೆಂಪಿನೊಳಗಿಂದ ಹಸಿರು ಎದ್ದು ಬಂತು. ಕೆಲಸ ನಮಗೇ ಸಿಕ್ಕಿತು.

ಅದಕ್ಕೆ ಅಕ್ಕಾರಿಗೆ ಸಿಕ್ಕ ಬಹುಮಾನವೇನು? ಅಶಿಸ್ತು ಎಂದು ಅವರನ್ನು ಆ ಕೆಲಸದಿಂದಲೇ ತೆಗೆದು ಬೇರೆ ಕೆಲಸಕ್ಕೆ ಹಾಕಿದರು. ಅವರ ವಿಧಾನ ಮ್ಯಾನೇಜರನ ಹೆಸರಿನಲ್ಲಿ ಹೊರಬಿತ್ತು. ಅವನಿಗೆ ಶಾಲು, ಹಾರ! ನೆನೆದರೆ ಈಗಲೂ ಮೈ ಉರಿಯುತ್ತದೆ. “ಹೋಗ್ಲಿ ಬಿಡ್ರಿ ಅಕ್ಕಾರ,” ಎಂದದ್ದಕ್ಕೆ ನನ್ನ ಮೇಲೇ ಹರಿಹಾಯ್ದಿದ್ದರು: “ಯಾಕ ಬಿಡ್ಲಿ? ನಂದದ ಅದು!” ಮೇಲಿನವರ ಬಾಗಿಲಿಗೇ ಹೋಗಿ ಜಗಳವಾಡಿದರು. ಒಬ್ಬರೂ ಕಿವಿಗೊಡಲಿಲ್ಲ.

ಹೋದ ತಿಂಗಳು ಕಾಯಿಲೆಯಿಂದ ತೀರಿಕೊಂಡರು. ಕಚೇರಿಯ ಸಂತಾಪ ಸಭೆಯಲ್ಲಿ ಅದೇ ಮ್ಯಾನೇಜರ್ ಗದ್ಗದಿತನಾಗಿ, ಬಹಳ ಶಾಂತ ಸ್ವಭಾವ, ಯಾರಿಗೂ ಎದುರಾಡಿದವರಲ್ಲ ಎಂದ. ನನಗೆ ಕೂತಲ್ಲಿ ಕೂರಲಾಗಲಿಲ್ಲ. “ಸುಳ್ಳು! ಎದುರಾಡಿದ್ದರು. ನಿಮಗೇ ಎದುರಾಡಿದ್ದರು,” ಎಂದು ಎದ್ದು, ಆ ರೇಷ್ಮೆ ಯಾರದೆಂದು ಹೇಳತೊಡಗಿದೆ. ಇದು ಅದಕ್ಕೆ ಸಮಯವಲ್ಲ, ಕೂತುಕೋ ಎಂದು ಪಕ್ಕದವರು ತೋಳು ಜಗ್ಗಿದರು.

ಮುಂದಿನ ಸಾಲಿನಲ್ಲಿದ್ದ ಅಕ್ಕಾರ ಮಗಳು ನನ್ನತ್ತ ತಿರುಗಿದಳು. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು.

“ನಿಲ್ಲಸಬ್ಯಾಡ್ರಿ. ಎಲ್ಲಾರ ಮುಂದ ಪೂರ್ತಿ ಹೇಳ್ರಿ.”

ಪೂರ್ತಿ ಹೇಳಿದೆ, ಅವನ ಮುಖ ನೋಡಿಕೊಂಡೇ.